ತರಗತಿಯಲ್ಲಿ ಅರ್ಧ ದೋಣಿ

ನಾನು ಕಟ್ಟಿದ ದೋಣಿಗಳು ನಲವತ್ತೊಂದು. ಬಣ್ಣ ಬಳಿಯದೆ, ಮೂತಿಯ ಮೇಲೆ ಹೆಸರು ಬರೆಯದೆ ಒಂದನ್ನೂ ನೀರಿಗೆ ಇಳಿಸಿದವನಲ್ಲ. ಗಿಮರಾಸ್ ದ್ವೀಪದ ನಮ್ಮ ಕಡಲಂಚಿನಲ್ಲಿ ದೋಣಿಗೆ ಇಡುವುದು ಮಗಳ ಹೆಸರು, ಹೆಂಡತಿಯ ಹೆಸರು, ಮೊಮ್ಮಗಳ ಹೆಸರು. ಹೆಸರಿಲ್ಲದ ದೋಣಿ ಕಂಡರೆ ಇದ್ಯಾರಿಗೂ ಬೇಡವಾದದ್ದು ಎನ್ನುತ್ತಾರೆ. ನನ್ನ ತಪ್ಪಿನ ಬೇರು ಇಲ್ಲೇ ಇದೆ. ಪೂರ್ತಿ ಹೇಳುತ್ತೇನೆ, ನಡುವೆ ಯಾರೂ ಸಮಾಧಾನ ಹೇಳಲು ಬರಬೇಡಿ.

ನನ್ನ ಹೆಸರು ಎಲಿಸೆಯೊ. ಊರಿಗೆಲ್ಲ ಲೋಲೋ ಸೆಯೋಂಗ್, ಅಂದರೆ ಸೆಯೋಂಗ್ ಅಜ್ಜ. ನಿಜಕ್ಕೂ ನಾನು ಅಜ್ಜನಾಗಿರುವುದು ಒಬ್ಬಳಿಗೇ, ನೋರಿಗೆ. ಅವಳ ತಾಯಿ, ನನ್ನ ಕಿರಿಮಗಳು ಮರಿಫೆ, ಹಾಂಗ್‌ಕಾಂಗಿನಲ್ಲಿ ಯಾರದೋ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಅವಳ ಮಗಳನ್ನು ನಾನು ನೋಡಿಕೊಳ್ಳುತ್ತಿದ್ದೆ. ಆರು ವರ್ಷವಾದರೂ ನೋರಿಯ ಬಾಯಲ್ಲಿದ್ದದ್ದು ನಾಲ್ಕೈದು ಮಾತು. ಯಾರಾದರೂ ಜೋರಾಗಿ ನಕ್ಕರೂ ಕಿವಿ ಮುಚ್ಚುತ್ತಿದ್ದಳು. ಬಿಸಿಲು ಕಣ್ಣಿಗೆ ಹೊಡೆದರೆ ಮುಖವನ್ನು ನನ್ನ ಹೊಟ್ಟೆಗೆ ಒತ್ತಿಕೊಳ್ಳುತ್ತಿದ್ದಳು. ಮುಷ್ಟಿಯಲ್ಲಿ ಯಾವಾಗಲೂ ಒಂದು ತಾಮ್ರದ ಮೊಳೆ, ದೋಣಿಗೆ ಹೊಡೆಯುವ ಮೊಳೆ. ಅದಿಲ್ಲದೆ ನಿದ್ದೆ ಬರುತ್ತಿರಲಿಲ್ಲ.

ಶಾಲೆಗೆ ಸೇರಿಸಿದ ಮೊದಲ ದಿನ ಅವಳು ನಿಂತದ್ದು ರಾಷ್ಟ್ರಗೀತೆ ಮುಗಿಯುವವರೆಗೆ. ಒಂದನೇ ತರಗತಿಯ ಕೋಣೆ ನಮ್ಮೂರಿನ ಹೆಮ್ಮೆ. ಗೋಡೆಯ ಒಂದು ಗೇಣು ಖಾಲಿ ಬಿಟ್ಟರೂ ಟೀಚರಿಗೆ ಅವಮಾನ. ಅಕ್ಷರಗಳು, ಹಣ್ಣುಗಳು, ಹೊಳೆಯುವ ಕಾಗದದ ಹೂಗಳು, ನಗುವ ಸೂರ್ಯ, ಚಾವಣಿಯಿಂದ ತೂಗುವ ಮೀನುಗಳು, ಮೇಲೆ ಟಕಟಕ ಎನ್ನುವ ಫ್ಯಾನು, ಮೂವತ್ತು ಬೆಂಚುಗಳ ಕಿರಚಾಟ. ನೋರಿ ಅಲ್ಲಿಂದ ಓಡಿ ಬಂದವಳು ನೇರ ನನ್ನ ದೋಣಿಗೆ. ಮುಂಭಾಗದಲ್ಲಿ ಹಲಗೆ ಮುಚ್ಚಿದ ಒಂದು ಗೂಡಿದೆ, ಬಲೆ ಇಡುವ ಜಾಗ. ಅದರೊಳಗೆ ಮುದುಡಿ ಕೂತಳು. ಮರುದಿನವೂ ಅಲ್ಲೇ ಕೂತಳು, ಆಮೇಲಿನ ದಿನಗಳಲ್ಲೂ ಅಲ್ಲೇ.

ನನಗೆ ಅದರಿಂದ ತೊಂದರೆಯಿರಲಿಲ್ಲ, ಆದರೆ ಮೀನಿಗೆ ಹೋಗಬೇಕಲ್ಲ. ಅವಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋದರೆ ದೋಣಿ ಹುಡುಕುತ್ತ ನೀರಿಗೆ ಇಳಿಯುತ್ತಿದ್ದಳು. ಒಮ್ಮೆ ಎದೆಮಟ್ಟ ನೀರಿನಲ್ಲಿ ಸಿಕ್ಕಳು. ಆ ಸುದ್ದಿ ಸೆಬು ನಗರದಲ್ಲಿರುವ ನನ್ನ ಹಿರಿಮಗಳು ಬೆಲೆನ್ ಕಿವಿಗೂ ಬಿತ್ತು.

"ಅಪ್ಪಾ, ಇಲ್ಲಿ ಚರ್ಚಿನ ಸಿಸ್ಟರ್‌ಗಳು ನಡೆಸೋ ಒಂದು ಮನೆ ಇದೆ. ಇಂಥ ಮಕ್ಕಳನ್ನೇ ಇಟ್ಕೊಳ್ತಾರೆ," ಎಂದಳು ಫೋನಿನಲ್ಲಿ.

"ಇಂಥ ಮಕ್ಕಳು ಅಂದ್ರೆ ಎಂಥ ಮಕ್ಕಳು?"

"ಸಿಟ್ಟು ಮಾಡ್ಕೋಬೇಡ. ಮರಿಫೆನೂ ಒಪ್ಪಿದಾಳೆ. ಶಾಲೆಯವರು ಇಟ್ಕೊಂಡ್ರೆ ಅವಳು ನಿನ್ನ ಹತ್ರ ಇರ್ಲಿ. ಇಲ್ಲಾಂದ್ರೆ ನಾನು ಕರ್ಕೊಂಡು ಹೋಗ್ತೀನಿ. ನೀರಿಗೆ ಬಿದ್ದ ಮೇಲೆ ಅಳೋದಕ್ಕಿಂತ ಈಗಲೇ ಅಳು."

ಅದೇ ವಾರ ಟೀಚರ್ ರೋವಿನಾ ಕಡಲಂಚಿಗೆ ಬಂದಳು. ಆ ವರ್ಷವಷ್ಟೇ ನಮ್ಮ ಶಾಲೆಗೆ ಬಂದಿದ್ದ ಹುಡುಗಿ, ನನ್ನ ಮೊಣಕೈ ಎತ್ತರ. ಬಂದವಳು ನಮಸ್ಕಾರ ಹೇಳಿ ದೋಣಿಯ ಪಕ್ಕದ ಮರಳಿನಲ್ಲಿ ಕೂತಳು. ಎರಡು ಗಂಟೆ ತುಟಿಪಿಟಿಕ್ ಎನ್ನಲಿಲ್ಲ. ಬಿಸಿಲಿಗೆ ತಲೆ ಕೆಟ್ಟಿರಬೇಕು ಎಂದುಕೊಂಡೆ. ಆಮೇಲೆ ಎದ್ದು ಗೂಡಿನೊಳಗೆ ಕೈ ಹಾಕಿ ಮರ ಸವರಿದಳು, ಮೂಸಿದಳು, ಅಗಲವನ್ನು ಗೇಣಿನಲ್ಲಿ ಅಳೆದಳು.

"ಲೋಲೋ, ಇದು ನಂಗೆ ಬೇಕು."

"ದೋಣೀನಾ? ಮೀನು ಹಿಡಿಯೋಕ್ ಬರುತ್ತಾ ಮ್ಯಾಮ್‌ಗೆ?"

"ಪೂರ್ತಿ ಬೇಡ. ಮುಂದಿನ ಅರ್ಧ ಸಾಕು. ಕತ್ತರಿಸಿ ಕ್ಲಾಸಿಗೆ ತನ್ನಿ."

ನಾನು ಬೈದೆ. ಯಾವ ಮಾತಿನಲ್ಲಿ ಬೈದೆನೆಂದು ಇಲ್ಲಿ ಹೇಳುವುದಿಲ್ಲ. ಅವಳು ಎಲ್ಲ ಕೇಳಿಸಿಕೊಂಡು, "ಅವಳು ಇಲ್ಲಿ ಯಾಕೆ ಕೂತ್ಕೋತಾಳೆ ಅಂತ ಯೋಚಿಸಿದೀರಾ? ಬೆನ್ನಿಗೆ, ಎರಡೂ ಪಕ್ಕಕ್ಕೆ ಮರ ಸಿಗುತ್ತೆ. ಬೆಳಕು ಒಂದೇ ಕಡೆಯಿಂದ ಬರುತ್ತೆ. ಎದುರಿಗಿರೋದು ಮಾತ್ರ ಕಾಣುತ್ತೆ. ಅವಳು ಓಡಿ ಹೋದದ್ದು ಪಾಠದಿಂದ ಅಲ್ಲ ಲೋಲೋ, ಆ ಕೋಣೆಯಿಂದ," ಎಂದಳು.

ಮೂವತ್ತು ವರ್ಷ ದೋಣಿ ಕಟ್ಟಿದವನಿಗೆ ಆ ಗೂಡಿನ ಬಗ್ಗೆ ಗೊತ್ತಿಲ್ಲದ್ದನ್ನು ಈ ಚಿಕ್ಕ ಹುಡುಗಿ ಎರಡು ಗಂಟೆಯಲ್ಲಿ ತಿಳಿದುಕೊಂಡಿದ್ದಳು. ನನಗೆ ಸಿಟ್ಟು ಬಂದದ್ದು ಅದಕ್ಕೇ ಇರಬೇಕು. ಮೂರು ದಿನ ಬಿಟ್ಟು ಗರಗಸ ಹಿಡಿದೆ. ಅದು ನನ್ನ ಹೆಂಡತಿ ಬದುಕಿದ್ದಾಗ ಕಟ್ಟಿದ ದೋಣಿ. ಅದರ ಬಣ್ಣವೆಲ್ಲ ಉಪ್ಪುನೀರಿಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಹಿಂದಿನ ಅರ್ಧ ಒಲೆಗೆ ಹೋಯಿತು. ಮುಂದಿನ ಅರ್ಧವನ್ನು ಆರು ಜನ ಹೆಗಲ ಮೇಲೆ ಹೊತ್ತು ಶಾಲೆಗೆ ತಂದೆವು. ದಾರಿಯುದ್ದಕ್ಕೂ ಜನ, "ಯಾರು ಸತ್ರು?" ಎಂದು ಕೇಳಿದರು.

ಆಮೇಲೆ ಆ ಕೋಣೆಯಲ್ಲಿ ನನಗೆ ಒಂದು ತಿಂಗಳ ಕೆಲಸ. ತೂಗುವ ಮೀನುಗಳು ಇಳಿದವು. ನಗುವ ಸೂರ್ಯ ಇಳಿದ. ಬೆಂಚಿನ ಕಾಲುಗಳಿಗೆ ತೆಂಗಿನ ನಾರು ಕಟ್ಟಿದೆ, ಕಿರಚಾಟ ನಿಂತಿತು. ಚರ್ಚಿನ ಪಾದ್ರಿಯ ಹಳೆಯ ಮನೆಯಿಂದ, ಗಾಜಿನ ಬದಲು ತೆಳು ಕಪ್ಪೆಚಿಪ್ಪು ಜೋಡಿಸಿದ ಕಿಟಕಿಬಾಗಿಲುಗಳನ್ನು ತಂದು ಕೂರಿಸಿದೆ, ಒಳಗೆ ಬರುವ ಬಿಸಿಲು ಗಂಜಿಯ ತಿಳಿಯ ಬಣ್ಣಕ್ಕೆ ತಿರುಗಿತು. ಮಾಯೆಟ್ ಎನ್ನುವ ಹುಡುಗಿಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಅವಳಿಗೆ ಕಿಟಕಿಯ ಬಳಿ ನಿಂತು ಬರೆಯಲು ಎತ್ತರದ ಹಲಗೆ ಹಾಕಿಕೊಟ್ಟೆ. ಮೂಲೆಯಲ್ಲಿ, ಬಾಯಿ ಕರಿಹಲಗೆಯ ಕಡೆಗೆ ಮಾಡಿ, ಅರ್ಧ ದೋಣಿ.

ನೋರಿ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು. ಹೋಗಿ ಮೂಸಿದಳು. ಒಳಗೆ ಹೊಕ್ಕಳು. ಸಂಜೆಯವರೆಗೂ ಹೊರಗೆ ಬರಲಿಲ್ಲ. ಅವತ್ತು ಶಾಲೆಯ ಹಿಂದಿನ ಮಾವಿನ ಮರದ ಬುಡದಲ್ಲಿ ಕೂತು ನಾನು ಅತ್ತೆ. ಯಾರೋ ಕೇಳಿದ್ದಕ್ಕೆ ಕಣ್ಣಿಗೆ ಗರಗಸದ ಪುಡಿ ಬಿತ್ತು ಎಂದೆ.

ಆಗಸ್ಟಿನಿಂದ ಮಾರ್ಚಿನವರೆಗೆ ಅವಳು ಒಂದು ದಿನವೂ ತಪ್ಪಿಸಲಿಲ್ಲ. ಮಾತು ಹೆಚ್ಚಲಿಲ್ಲ. ಪೆನ್ಸಿಲ್ ಮುಟ್ಟಲಿಲ್ಲ. ಆದರೆ ಬೆಳಿಗ್ಗೆ ನನಗಿಂತ ಮೊದಲು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು. ನಾನು ಬೇರೆಯವರ ದೋಣಿಯಲ್ಲಿ ಕೂಲಿಗೆ ಹೋಗುತ್ತಿದ್ದೆ, ನೆಮ್ಮದಿಯಿಂದ ಹೋಗುತ್ತಿದ್ದೆ. ಬೆಲೆನ್ ಫೋನ್ ಮಾಡಿದಾಗೆಲ್ಲ, "ನಿನ್ನ ಸಿಸ್ಟರ್‌ಗಳಿಗೆ ಬೇರೆ ಮಕ್ಕಳು ಸಿಕ್ರಾ?" ಎಂದು ಕೆಣಕುತ್ತಿದ್ದೆ.

ಊರಿಗೆ ಮಾತ್ರ ಆ ಕೋಣೆ ಹಿಡಿಸಲಿಲ್ಲ. ಪೋಷಕರ ಸಂಘದ ಮುಖ್ಯಸ್ಥೆ ಕೊರಾಸೊನ್, ಬೇಕರಿಯವಳು, ಕಂಡಾಗಲೆಲ್ಲ ಹೇಳುತ್ತಿದ್ದಳು: "ಲೋಲೋ, ಬೇರೆ ಶಾಲೆ ನೋಡಿದ್ರೆ ಹಬ್ಬದ ಮನೆ ಇದ್ದ ಹಾಗಿದೆ. ನಮ್ದು ನೋಡಿದ್ರೆ ಸಾವಿನ ಮನೆ."

ಜೂನಿನಲ್ಲಿ ಶಾಲೆ ತೆರೆಯುವ ಮುಂಚಿನ ವಾರ ಊರಿಗೆ ಊರೇ ಪೊರಕೆ, ಕುಂಚ ಹಿಡಿದು ಶಾಲೆಗೆ ಬರುವುದು ನಮ್ಮ ಪದ್ಧತಿ. ಗಂಡಸರು ಸೂರು ರಿಪೇರಿ ಮಾಡುತ್ತಾರೆ, ಹೆಂಗಸರು ನೆಲ ತಿಕ್ಕುತ್ತಾರೆ, ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಕೂತು ಎಣ್ಣೆ ಮೆತ್ತಿದ ಕೈಯಲ್ಲಿ ಶಾವಿಗೆ ತಿನ್ನುತ್ತಾರೆ. ಯಾವ ಶಾಲೆ ಚೆಂದ ಎಂದು ನೋಡಿ ಬಹುಮಾನ ಕೊಡಲು ಇಲಾಖೆಯ ಮೇಲಿನವರು ಬರುತ್ತಾರೆ. ಎರಡನೇ ತರಗತಿಗೂ ಅದೇ ಕೋಣೆ, ಅದೇ ಮಕ್ಕಳು, ಅದೇ ಟೀಚರ್ ಇರಲಿ ಎಂದು ಹೆಡ್‌ಮಾಸ್ಟರರು ಒಪ್ಪಿದ್ದರು. ಆ ವರ್ಷ ಟೀಚರ್ ರೋವಿನಾ ಆ ವಾರವಿಡೀ ಇಲೊಯಿಲೊ ನಗರದಲ್ಲಿ ತರಬೇತಿಗೆ ಹೋಗಿದ್ದಳು. ಹೋಗುವ ಮೊದಲು ದೋಣಿಗೆ ಒಂದು ಚೀಟಿ ಅಂಟಿಸಿದ್ದಳು: ದಯವಿಟ್ಟು ಇದನ್ನು ಯಾರೂ ಮುಟ್ಟಬೇಡಿ.

ಮೂರನೇ ದಿನ ಕೊರಾಸೊನ್ ಆ ಚೀಟಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಾಡಿದ್ದು ನೋಡೋಕ್ ಬರ್ತಾರೆ. ಎಲ್ಲಾ ಕೋಣೆ ಥಳಥಳ ಅಂತಿದೆ. ಇದೊಂದು ಹಾಳು ಹಲಗೆ ಹೀಗೇ ಇರ್ಬೇಕಾ?"

"ಹಾಳು ಹಲಗೆ ಅಂದ್ರೆ ನಾಲಿಗೆ ಕೀಳ್ತೀನಿ," ಎಂದೆ.

"ಹಾಗಾದ್ರೆ ದೋಣಿ ಥರ ಕಾಣೋ ಹಾಗೆ ಮಾಡಿ. ಕಟ್ಟಿದೋರು ಸೆಯೋಂಗ್ ಅಂದ್ರೆ ಯಾರಾದ್ರೂ ನಂಬ್ತಾರಾ ಇದನ್ನ ನೋಡಿ? ನಿಮ್ಮ ಮೊಮ್ಮಗಳು ಕೂರೋ ಜಾಗ ಬೇರೆ."

ಅವಳನ್ನು ದೂರುವುದಿಲ್ಲ. ಆ ಮಾತು ಮೊದಲೇ ನನ್ನೊಳಗಿತ್ತು. ವರ್ಷವಿಡೀ ಆ ಬೋಳು ಮರ ನೋಡಿದಾಗಲೆಲ್ಲ ನನ್ನ ಕೈ ತುರಿಸುತ್ತಿತ್ತು. ಊರಿನ ಎಲ್ಲ ಮಕ್ಕಳ ಹೆಸರು ಒಂದಲ್ಲ ಒಂದು ದೋಣಿಯ ಮೇಲಿದೆ, ನನ್ನ ನೋರಿಯದು ಮಾತ್ರ ಎಲ್ಲೂ ಇಲ್ಲ. ಚೀಟಿ ಬೇರೆಯವರಿಗೆ ಎಂದುಕೊಂಡೆ. ನನ್ನ ದೋಣಿಯನ್ನು ಮುಟ್ಟಲು ನನಗೆ ಯಾರ ಅಪ್ಪಣೆ ಬೇಕು? ಹರಿಯದಂತೆ ಬಿಡಿಸಿ, ಮಡಿಚಿ ಜೇಬಿಗೆ ಹಾಕಿಕೊಂಡೆ.

ಕೆಲಸ ಮಾಡಿದರೆ ಸರಿಯಾಗಿ ಮಾಡಬೇಕು. ಮೊದಲು ಒಳಗೆಲ್ಲ ಕೀಸುಳಿ ಆಡಿಸಿದೆ. ಎಡಗಡೆಯ ಹಲಗೆಯಲ್ಲಿ ಗೀರುಗಳಿದ್ದವು, ತುಂಬಾ ಇದ್ದವು, ಸಾಲು ಸಾಲಾಗಿ. ಮಗು ಮೊಳೆಯಲ್ಲಿ ಕೆರೆದಿದೆ ಎಂದು ಗೊತ್ತಾಯಿತು. ಬಲೆಯ ಗುಂಡು, ಲಂಗರು, ಏಡಿಯ ಬುಟ್ಟಿ, ಎಲ್ಲವೂ ದೋಣಿಯನ್ನು ಗೀರುತ್ತವೆ. ಗೀರು ಕಂಡರೆ ತುಂಬುವುದು ನಮ್ಮ ಕಸುಬು. ಮೇಲುಮೇಲಿನವು ಕೀಸುಳಿಗೆ ಹೋದವು. ಆಳದವುಗಳಿಗೆ ಪುಟ್ಟಿ ಕಲಸಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ತುಂಬಿದೆ. ಒಣಗಿದ ಮೇಲೆ ಉಪ್ಪುಕಾಗದ ಹಾಕಿ ಉಜ್ಜಿದೆ. ಕೈಯಾಡಿಸಿದರೆ ಎಲ್ಲೂ ತಡೆಯಲಿಲ್ಲ. ಹೊರಗೆ ನೀಲಿ, ಅಂಚಿಗೆ ಕೆಂಪು, ಒಳಗೆ ಹಳದಿ. ಮೂತಿಯ ಮೇಲೆ ದೊಡ್ಡ ಬಿಳಿ ಅಕ್ಷರಗಳಲ್ಲಿ ಅವಳ ಹೆಸರು. ನೋಡಿದವರೆಲ್ಲ ಚಪ್ಪಾಳೆ ಹೊಡೆದರು. ಕೊರಾಸೊನ್ ಕಣ್ಣಲ್ಲಿ ನೀರು ಬಂತು. ನಮ್ಮ ಶಾಲೆಗೆ ಎರಡನೇ ಬಹುಮಾನ ಸಿಕ್ಕಿತು.

ಸೋಮವಾರ ಬೆಳಿಗ್ಗೆ ನೋರಿ ಎಂದಿನಂತೆ ಮೊದಲೇ ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ದಾರಿಯಲ್ಲಿ ನನ್ನ ಬೆರಳು ಹಿಡಿದಿದ್ದಳು, ಅದು ಅಪರೂಪ. ನಾನು ಅವಳಿಗಿಂತ ಹೆಚ್ಚು ಖುಷಿಯಲ್ಲಿದ್ದೆ. ತರಗತಿಯ ಬಾಗಿಲಲ್ಲಿ ಅವಳ ಬೆರಳು ಸಡಿಲವಾಯಿತು.

ನಿಂತು ನೋಡಿದಳು. ಮೂಲೆ ಅದೇ, ಆಕಾರ ಅದೇ. ಹತ್ತಿರ ಹೋಗಿ ಬಗ್ಗಿ ಮೂಸಿದಳು. ಬಣ್ಣದ ವಾಸನೆ ಇನ್ನೂ ಮೂಗಿಗೆ ರಾಚುತ್ತಿತ್ತು. ಒಂದು ಕೈ ಒಳಗೆ ಚಾಚಿ ಎಡಗಡೆಯ ಹಲಗೆಯ ಮೇಲೆ ಬೆರಳಾಡಿಸಿದಳು. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ. ಮತ್ತೆ ಮೇಲಿನಿಂದ ಕೆಳಗೆ. ಆಮೇಲೆ ಬಾಯಿ ತೆರೆದಳು. ಅಂಥ ಕೂಗನ್ನು ನಾನು ಹಿಂದೆ ಕೇಳಿರಲಿಲ್ಲ. ಹಿಡಿಯಲು ಹೋದ ನನ್ನ ಮುಂಗೈಯನ್ನು ಕಚ್ಚಿ ಓಡಿದಳು. ಅವಳು ಓಡಿದ್ದು ಕಡಲಂಚಿಗೆ, ದೋಣಿ ಇರುತ್ತಿದ್ದ ಜಾಗಕ್ಕೆ. ಅಲ್ಲಿ ಖಾಲಿ ಮರಳಿತ್ತು.

ಅವಳನ್ನು ಮನೆಯಲ್ಲಿ ಮಲಗಿಸಿ, ಪಕ್ಕದವರನ್ನು ಕೂರಿಸಿ ಮಧ್ಯಾಹ್ನ ಶಾಲೆಗೆ ಬಂದೆ. ಮಕ್ಕಳು ಊಟಕ್ಕೆ ಹೋಗಿದ್ದರು. ಟೀಚರ್ ರೋವಿನಾ ದೋಣಿಯ ಮುಂದೆ ಮಂಡಿಯೂರಿ ಕೂತು ಒಳಗೆ ಅಂಗೈ ಇಟ್ಟಿದ್ದಳು.

"ಗೀರುಗಳು ಎಲ್ಲಿ ಲೋಲೋ?"

"ಎಲ್ಲಾ ತುಂಬಿದೀನಿ ಮ್ಯಾಮ್. ಒಂದೂ ಬಿಟ್ಟಿಲ್ಲ." ಆಗಲೂ ನನ್ನ ದನಿಯಲ್ಲಿ ಕಸುಬಿನ ಹೆಮ್ಮೆ ಇತ್ತು. ಅದನ್ನು ನೆನೆದರೆ ಇಂದಿಗೂ ನನ್ನ ಮುಖಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಅವಳು ದೋಣಿಯಿಂದ ಅಂಗೈ ತೆಗೆದಳು. ಆಮೇಲೆ ನೆಲ ನೋಡುತ್ತ ಹೇಳಿದಳು. "ಬೆಳಿಗ್ಗೆ ಹಾಜರಿ ಕರೀತೀನಲ್ಲ. ಎಲ್ರೂ 'ಪ್ರೆಸೆಂಟ್ ಮ್ಯಾಮ್' ಅಂತಾರೆ. ನೋರಿ ಹೆಸರು ಕರೆದ್ರೆ ಏನೂ ಬರ್ತಿರ್ಲಿಲ್ಲ. ಸೆಪ್ಟೆಂಬರಲ್ಲಿ ಒಂದು ದಿನ ಒಳಗಿಂದ ಸದ್ದು ಬಂತು. ಕರ್ರ್ ಅಂತ, ಒಂದೇ ಒಂದು ಗೀರು. ಮಾರನೇ ದಿನಾನೂ ಬಂತು. ಹೆಸರು ಕರೆದಾಗ ಮಾತ್ರ, ದಿನಕ್ಕೊಂದೇ. ಅದು ಅವಳ ಪ್ರೆಸೆಂಟ್ ಲೋಲೋ."

ನಾನು ಬಗ್ಗಿ ಆ ಹಲಗೆಯ ಮೇಲೆ ಕೈಯಾಡಿಸಿದೆ.

"ಮಕ್ಕಳಿಗೂ ಗೊತ್ತಿತ್ತು. ಅವಳ ಹೆಸರು ಬಂದ್ರೆ ಎಲ್ಲಾ ಗಪ್‌ಚಿಪ್. ಆ ಸದ್ದು ಬರೋವರೆಗೂ ಕಾಯ್ತಿದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಮಗೆ ಹೇಳಿದ್ರೆ ನೀವು ಊರಿಗೆಲ್ಲಾ ಡಂಗುರ ಹೊಡೀತಿದ್ರಿ. ಎಲ್ರೂ ನೋಡೋಕ್ ಬರ್ತಿದ್ರು. ಅವಳು ನಿಲ್ಲಿಸ್ಬಿಡ್ತಿದ್ಲು." ಅವಳು ಎದ್ದು ನಿಂತಳು. "ಆದ್ರೂ ಹೇಳಬೇಕಿತ್ತು. ಚೀಟಿ ಸಾಕು ಅಂದ್ಕೊಂಡೆ."

ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ತುಂಬ ಆಸೆಯಿತ್ತು. ಆಗಲಿಲ್ಲ. ಹೇಳಿದ್ದರೆ ಡಂಗುರ ಹೊಡೆಯುತ್ತಿದ್ದೆ, ಖಂಡಿತ ಹೊಡೆಯುತ್ತಿದ್ದೆ. ಚೀಟಿ ಇನ್ನೂ ನನ್ನ ಜೇಬಿನಲ್ಲಿತ್ತು.

ನಾಲ್ಕು ದಿನ ಬಣ್ಣ ಕೆರೆದೆ. ಬೆಂಕಿ ತೋರಿಸಿ ಕೆರೆದೆ, ಗಾಜಿನ ಚೂರಿನಿಂದ ಕೆರೆದೆ, ಸಮುದ್ರದ ನೀರು ತಂದು ತೊಳೆದೆ, ತೆಂಗಿನೆಣ್ಣೆ ಸವರಿದೆ, ಹಳೆಯ ಬಲೆ ತಂದು ಒಳಗೆ ಹಾಸಿದೆ. ಕೊರಾಸೊನ್ ಬೇಕರಿ ಮುಚ್ಚಿ ಬಂದು ನನ್ನ ಜೊತೆ ಕೂತು ಕೆರೆದಳು. ಒಂದೊಂದು ಗೀರಿನಿಂದ ಪುಟ್ಟಿ ಬಿಡಿಸಲು ಸೂಜಿ ಹಿಡಿದು ಕೂತೆ. ನೂರೈವತ್ತರಷ್ಟು ಇದ್ದಿರಬೇಕು. ಸಿಕ್ಕಿದ್ದು ಇಪ್ಪತ್ತಾರು. ಉಳಿದವು ಕೀಸುಳಿಯ ಸುರುಳಿಗಳ ಜೊತೆ ಕಸಕ್ಕೆ ಹೋಗಿದ್ದವು.

ಐದನೇ ದಿನ ಅವಳನ್ನು ಕರೆತಂದೆ. ಮಕ್ಕಳನ್ನೆಲ್ಲ ಹೊರಗೆ ಕಳಿಸಿ ಟೀಚರ್ ಒಂದು ಮೂಲೆಯಲ್ಲಿ ಕೂತಿದ್ದಳು. ನೋರಿ ಬಂದಳು, ಮೂಸಿದಳು, ಬೆರಳಾಡಿಸಿದಳು. ಇಪ್ಪತ್ತಾರರ ಮೇಲೂ ಅವಳ ಬೆರಳು ಹೋಯಿತು. ಒಂದು ಕ್ಷಣ ಅಲ್ಲೇ ನಿಂತಿತು. ಆಮೇಲೆ ಕೈ ತೆಗೆದು, ಅಂಗಿಗೆ ಒರೆಸಿಕೊಂಡು, ಹೊರಗೆ ನಡೆದಳು. ಈ ಸಲ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಹೆಡ್‌ಮಾಸ್ಟರರು ಒಳ್ಳೆಯವರು, ಒಂದು ತಿಂಗಳು ಕಾದರು. ಅವಳು ಮೆಟ್ಟಿಲು ಹತ್ತಲಿಲ್ಲ. ಕೂಲಿ ಬಿಟ್ಟು ನಾನು ಅವಳ ಹಿಂದೆಯೇ ತಿರುಗುತ್ತಿದ್ದೆ. ಒಂದು ಮಧ್ಯಾಹ್ನ ಅನ್ನ ಬಡಿಸಿ ತಿರುಗುವುದರೊಳಗೆ ಇರಲಿಲ್ಲ. ಉಪ್ಪುನೀರಲ್ಲೇ ಬೇರೂರುವ ಕಾಂಡ್ಲಾ ಗಿಡಗಳ ನಡುವೆ ನೀರು ಏರುತ್ತಿತ್ತು, ಗಲ್ಲದವರೆಗೆ ಮುಳುಗಿ ಬೇರು ಹಿಡಿದು ನಿಂತಿದ್ದಳು. ಆ ಬೇರುಗಳ ನಡುವೆ ದೋಣಿಯ ಗೂಡಿನಷ್ಟೇ ಅಗಲದ ಜಾಗವಿತ್ತು. ನಾನೇ ಬೆಲೆನ್‌ಗೆ ಫೋನ್ ಮಾಡಿದೆ. ಯಾರೂ ನನ್ನನ್ನು ಒತ್ತಾಯಿಸಲಿಲ್ಲ.

ಬೆಲೆನ್ ಬಂದವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅನ್ನಲಿ ಎಂದು ಕಾಯುತ್ತಿದ್ದೆ. ಅಂಗಿಗಳನ್ನು ಮಡಿಚಿ ಚೀಲಕ್ಕೆ ತುಂಬಿದಳು. ಹಡಗು ಹತ್ತುವ ಧಕ್ಕೆಯಲ್ಲಿ ನೋರಿಯ ಮುಷ್ಟಿ ನೋಡಿ, "ಅಪ್ಪಾ, ಅಲ್ಲಿ ಮೊಳೆ ಇಟ್ಕೊಳ್ಳೋಕ್ ಬಿಡಲ್ಲ. ಚೂಪಾದ್ದು ಏನೂ ಬಿಡಲ್ಲ," ಎಂದಳು.

ಮುಷ್ಟಿ ಬಿಡಿಸಿದವನು ನಾನೇ. ಒಂದೊಂದೇ ಬೆರಳು. ಅವಳು ಬಿಡಿಸಿಕೊಳ್ಳಲು ಹೋರಾಡಲಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದಳು. ಹಡಗು ಹೊರಡುವಾಗ ಎಲ್ಲರೂ ಕೈ ಬೀಸುತ್ತಿದ್ದರು. ಅವಳು ಕಿವಿ ಮುಚ್ಚಿಕೊಂಡು ಬೆಲೆನ್ ಹೊಟ್ಟೆಗೆ ಮುಖ ಒತ್ತಿಕೊಂಡಳು.

ಮುಂದಿನ ವಾರ ಮಾಯೆಟಳ ಹಲಗೆಯ ಕಾಲು ಅಲುಗಾಡುತ್ತಿದೆ ಎಂದು ಟೀಚರ್ ಹೇಳಿಕಳಿಸಿದಳು. ಬೆಳಿಗ್ಗೆ ಬೇಗ ಹೋಗಿ ಕೆಳಗೆ ಕೂತು ಬಿಗಿ ಮಾಡುತ್ತಿದ್ದೆ. ಹಾಜರಿ ಶುರುವಾಯಿತು. ನೋರಿಯ ವರ್ಗಾವಣೆ ಕಾಗದ ಇನ್ನೂ ಬಂದಿರಲಿಲ್ಲ, ಹೆಸರು ಪುಸ್ತಕದಲ್ಲಿತ್ತು. ಬಿಟ್ಟು ಮುಂದೆ ಹೋಗಬಹುದಿತ್ತು. ಟೀಚರ್ ಬಿಡಲಿಲ್ಲ.

"ನೋರಿ."

ಕೋಣೆ ಗಪ್‌ಚಿಪ್ ಆಯಿತು. ಮಕ್ಕಳಿಗೆ ರೂಢಿ. ಯಾರೂ ಪೆನ್ಸಿಲ್ ಕೂಡ ಅಲುಗಿಸಲಿಲ್ಲ, ಮೂವತ್ತು ತಲೆಗಳು ಮೂಲೆಯ ದೋಣಿಯ ಕಡೆ ವಾಲಿದ್ದವು. ಮೊಳೆ ನನ್ನ ಅಂಗಿಯ ಜೇಬಿನಲ್ಲಿತ್ತು. ಹಲಗೆಯ ಮೇಲೆ ಒಂದು ಗೀರೆಳೆದರೆ ಸಾಕಿತ್ತು, ಅದೇ ಸದ್ದು ಬರುತ್ತಿತ್ತು. ನನ್ನ ಕೈ ಏಳಲಿಲ್ಲ.

ಟೀಚರ್ ಮುಂದಿನ ಹೆಸರು ಕರೆದಳು. "ಮಾಯೆಟ್."

ಮಾಯೆಟ್ ನನ್ನ ಪಕ್ಕದಲ್ಲೇ, ತನ್ನ ಹಲಗೆಯ ಮುಂದೆ ನಿಂತಿದ್ದಳು. ದೋಣಿಯ ಕಡೆಯೇ ನೋಡುತ್ತಿದ್ದಳು.

"ಮಾಯೆಟ್, ಪ್ರೆಸೆಂಟ್ ಅನ್ನಮ್ಮಾ."

"ತಾಳಿ ಮ್ಯಾಮ್," ಎಂದಳು ಅವಳು. "ನೋರಿದು ಇನ್ನೂ ಬಂದಿಲ್ಲ."